ರೆಪ್ಪೆ ಮಗುಚಿ ನೋಡಿದರೆ ತಿಳಿಯುತ್ತದೆ

ಸರೋಜಿನಿ ನಗರ ಅಂದರೆ ಊರಿನಿಂದ ಬರುವ ನೆಂಟರಿಗೆಲ್ಲ ಒಂದೇ ಅರ್ಥ. ಚೌಕಾಸಿ ಮಾಡಿ ಇನ್ನೂರು ರೂಪಾಯಿಗೆ ಕುರ್ತಾ ತರುವ ಮಾರ್ಕೆಟ್. ನಮ್ಮ ಗದಗಿನ ಕಡೆಯವರಂತೂ ಕೆಂಪು ಕೋಟೆ ಬಿಟ್ಟರೂ ಬಿಟ್ಟಾರು, ಈ ಮಾರ್ಕೆಟ್ ಬಿಡುವುದಿಲ್ಲ. ನನಗೆ ಮಾತ್ರ ಇದು ಏಳು ವರ್ಷದಿಂದ ಮನೆ. ಯಜಮಾನರಿಗೆ ಕೇಂದ್ರ ಸರ್ಕಾರದ ನೌಕರಿ, ಹಾಗಾಗಿ ಕ್ವಾರ್ಟರ್ಸ್. ಹಳೆಯ ಎರಡಂತಸ್ತಿನ ಮನೆಗಳನ್ನು ಸಾಲುಸಾಲಾಗಿ ಕೆಡವಿ ಗೋಪುರದಂಥ ಕಟ್ಟಡ ಏಳಿಸುತ್ತಿದ್ದಾರೆ. ಕಿಟಕಿ ತೆರೆದರೆ ಸಿಮೆಂಟಿನ ಧೂಳು. ಆ ಕಟ್ಟಡ ಕಟ್ಟುವವರು, ಅವರ ಜೊತೆ ಊರು ಬಿಟ್ಟು ಬಂದ ಅವರ ತಾಯಂದಿರು, ಪಿಲಂಜಿಯ ಬಾಡಿಗೆ ಕೋಣೆಗಳಲ್ಲಿ ಇರುವವರು, ಎಲ್ಲರೂ ಒಂದಲ್ಲ ಒಂದು ದಿನ ನಾನು ಕೆಲಸ ಮಾಡುವ ಕಣ್ಣಿನ ವಿಭಾಗದ ಸಾಲಿನಲ್ಲಿ ನಿಂತಿರುತ್ತಾರೆ.

ಇಲ್ಲಿಗೆ ಬಂದ ಮೇಲೆ ನಾನು ಕಲಿತ ಮೊದಲ ಹಿಂದಿ ಪದಗಳಲ್ಲಿ ಎರಡು ಯಾವ ನಿಘಂಟಿನಿಂದಲೂ ಬಂದವಲ್ಲ. ಒಂದು ‘ರೋಹೆ’, ಇನ್ನೊಂದು ‘ಪರ್‌ವಾಲ್’. ರೋಹೆ ಅಂದರೆ ಟ್ರಕೋಮಾ. ಹರಿಯಾಣ, ಪಂಜಾಬಿನವರು ಇದನ್ನೇ ‘ಕುಕ್ರೆ’ ಅನ್ನುತ್ತಾರೆ. ಪರ್‌ವಾಲ್ ಅಂದರೆ ಒಳಕ್ಕೆ ತಿರುಗಿ ಕಣ್ಣುಗುಡ್ಡೆಗೆ ಚುಚ್ಚುವ ರೆಪ್ಪೆಗೂದಲು. ಕನ್ನಡದಲ್ಲಿ ಇವಕ್ಕೆ ಮನೆಮಾತಿನ ಪದವನ್ನು ನಾನು ಕೇಳಿದವಳಲ್ಲ. ಅದೇ ಒಂದು ಕಥೆ ಹೇಳುತ್ತದೆ ಅನ್ನಿಸುತ್ತದೆ. ಕಣ್ಣಿಗೆ ಪೊರೆ ಬರುವುದು, ಹೂ ಬೀಳುವುದು, ಪಿಸುರು ಕಟ್ಟುವುದು, ಎಲ್ಲಕ್ಕೂ ನಮ್ಮಲ್ಲಿ ಮಾತಿದೆ. ಇದಕ್ಕಿಲ್ಲ, ಯಾಕೆಂದರೆ ಈ ರೋಗ ಉತ್ತರ ಮತ್ತು ಪಶ್ಚಿಮ ಭಾರತವನ್ನು ಕಾಡಿದ ಹಾಗೆ ನಮ್ಮ ಕಡೆಯನ್ನು ಕಾಡಲಿಲ್ಲ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್, ಬೆಂಗಳೂರಿನ ಮಿಂಟೊದಲ್ಲಿ ಮುಂದಿನ ಓದು. ಎರಡೂ ಕಡೆ ಟ್ರಕೋಮಾ ನನಗೆ ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆಯಾಗಿತ್ತೇ ಹೊರತು ಎದುರಿಗೆ ಕೂತ ಮನುಷ್ಯರಾಗಿರಲಿಲ್ಲ. ಆರ್ಲ್ಟನ ಗೆರೆ, ಹರ್ಬರ್ಟನ ಗುಳಿ ಎಂದು ಬಾಯಿಪಾಠ ಮಾಡಿದ್ದನ್ನು ಕಣ್ಣಾರೆ ಕಂಡದ್ದು ದೆಹಲಿಯಲ್ಲಿ.

ಕಳೆದ ಚಳಿಗಾಲದಲ್ಲಿ ಬಂದ ಒಬ್ಬ ಅಮ್ಮಾಜಿಯ ಕಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ವರ್ ಜಿಲ್ಲೆಯ ಹಳ್ಳಿಯವರು, ವಯಸ್ಸು ಎಪ್ಪತ್ತರ ಆಸುಪಾಸು. ಮಗ ನಮ್ಮ ಕಾಲೊನಿಯ ಕಟ್ಟಡದಲ್ಲಿ ಕಬ್ಬಿಣ ಕಟ್ಟುವ ಕೆಲಸಗಾರ. ಮೊಮ್ಮಗುವನ್ನು ನೋಡಿಕೊಳ್ಳಲು ತಾಯಿಯನ್ನು ಕರೆಸಿಕೊಂಡಿದ್ದಾನೆ. “ಮೋತಿಯಾಬಿಂದ್ ಇದೆ, ಆಪರೇಷನ್ ಮಾಡಿಸಬೇಕು” ಎಂದು ಮಗನೇ ರೋಗವನ್ನೂ ನಿರ್ಧರಿಸಿ, ಚಿಕಿತ್ಸೆಯನ್ನೂ ಹೇಳಿದ. ಎರಡು ಕಡೆ ತೋರಿಸಿ ಎರಡು ಬಗೆಯ ಡ್ರಾಪ್ಸ್ ಹಾಕಿಸಿಕೊಂಡು ಬಂದಿದ್ದರು. ಪೊರೆ ಇದ್ದದ್ದು ನಿಜ. ಆದರೆ ಆಕೆ ಬಾಗಿಲಿನಿಂದ ಕುರ್ಚಿಯವರೆಗೆ ಬರುವಾಗ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಓಢಣಿಯ ಅಂಚಿನಿಂದ ಕಣ್ಣೊತ್ತಿಕೊಂಡ ರೀತಿ ಪೊರೆಯವರದಲ್ಲ. ಪೊರೆ ಮಂಜು ಮಾಡುತ್ತದೆ, ನೋಯಿಸುವುದಿಲ್ಲ.

“ಅಮ್ಮಾಜಿ, ಕೂದಲು ಕೀಳುತ್ತೀರಾ?” ಎಂದೆ. ಆಕೆ ಓಢಣಿಯ ಗಂಟು ಬಿಚ್ಚಿ ಒಂದು ಪುಟ್ಟ ಚಿಮ್ಟಿ ತೆಗೆದು ಮೇಜಿನ ಮೇಲಿಟ್ಟರು. ಮೊದಲು ಅತ್ತೆಗೆ ತಾನು ಕೀಳುತ್ತಿದ್ದರಂತೆ, ಈಗ ಸೊಸೆ ತನಗೆ ಕೀಳುತ್ತಾಳಂತೆ. ಹದಿನೈದು ದಿನಕ್ಕೊಮ್ಮೆ, ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ, ಅಂಗಳದಲ್ಲಿ.

ಈ ಪ್ರಶ್ನೆ ಕೇಳಲೇಬೇಕು. ನಿನ್ನೆಯೋ ಮೊನ್ನೆಯೋ ಕಿತ್ತುಕೊಂಡು ಬಂದವರ ರೆಪ್ಪೆ ನೋಡಿದರೆ ಚುಚ್ಚುವ ಕೂದಲೇ ಕಾಣುವುದಿಲ್ಲ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಲ್ಲಿ ಕೂದಲು ತಾಗುತ್ತಿರುವುದನ್ನು ಮಾತ್ರವಲ್ಲ, ಇತ್ತೀಚೆಗೆ ಕಿತ್ತ ಗುರುತನ್ನೂ ರೋಗವೆಂದೇ ಲೆಕ್ಕ ಹಿಡಿಯುತ್ತಾರೆ. ಆಮೇಲೆ ಭೂತಗನ್ನಡಿ ಮತ್ತು ಒಂದು ಟಾರ್ಚು ಸಾಕು. ಮೊದಲು ರೆಪ್ಪೆಯನ್ನು ಮುಟ್ಟದೆ, ನೇರ ನೋಡಲು ಹೇಳಿ, ಅಂಚು ಎಲ್ಲಿ ಒಳಕ್ಕೆ ಮಡಿಚಿದೆ, ಎಷ್ಟು ಕೂದಲು ಗುಡ್ಡೆಗೆ ತಾಗುತ್ತಿವೆ ಎಂದು ಎಣಿಸುವುದು. ನಂತರ ಕೆಳಗೆ ನೋಡಲು ಹೇಳಿ, ಮೇಲ್ರೆಪ್ಪೆಯ ಕೂದಲು ಹಿಡಿದು, ರೆಪ್ಪೆಯ ನಡುಭಾಗವನ್ನು ಮೆಲ್ಲಗೆ ಒತ್ತಿ ಮಗುಚುವುದು. ಆರೋಗ್ಯವಂತ ರೆಪ್ಪೆಯ ಒಳಮೈ ನಸುಗೆಂಪಗೆ ನುಣುಪಾಗಿ, ಸಣ್ಣ ರಕ್ತನಾಳಗಳು ಉದ್ದುದ್ದ ಕಾಣುವಂತೆ ಇರುತ್ತದೆ. ಈ ಅಮ್ಮಾಜಿಯದು ಬಿಳಿಯ ಗಾಯದ ಕಲೆಗಳ ಜಾಲ. ಅಂಚಿಗೆ ಸಮನಾಗಿ ಅಡ್ಡಕ್ಕೆ ಎಳೆದ ಒಂದು ದಪ್ಪ ಬಿಳಿ ಪಟ್ಟಿ. ಅದೇ ಆರ್ಲ್ಟನ ಗೆರೆ. ಕರಿಗುಡ್ಡೆಯ ಮೇಲಂಚಿನಲ್ಲಿ ಸಾಸಿವೆ ಕಾಳಿನಿಂದ ಒತ್ತಿದಂಥ ಪುಟ್ಟ ಗುಳಿಗಳು. ಬಾಲ್ಯದಲ್ಲಿ ಎದ್ದು ಮಾಯವಾದ ಗುಳ್ಳೆಗಳ ಗುರುತು ಅವು. ಕಿತ್ತಳೆ ಬಣ್ಣದ ದ್ರವ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಗುಡ್ಡೆಯ ಮೇಲೆ ಹಸಿರು ಗೀರುಗಳು. ಎಡಗಣ್ಣಲ್ಲಿ ಹೂ ಬೀಳಲು ಶುರುವಾಗಿತ್ತು.

ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಎಚ್ಚರವಿರುವ ಹದಿನಾರು ಗಂಟೆಗೆ ಲೆಕ್ಕ ಹಾಕಿದರೆ 14,000 ಸಲಕ್ಕೂ ಹೆಚ್ಚು. ನಾಲ್ಕೇ ಕೂದಲು ಒಳಗಿದ್ದರೂ ಅಷ್ಟು ಸಲ ಅವು ಕಾರ್ನಿಯಾದ ಮೇಲೆ ಗುಡಿಸುತ್ತವೆ.

ರೋಗ ತಗುಲಿದ್ದು ಮಾತ್ರ ಅರವತ್ತು ವರ್ಷದ ಹಿಂದೆ. ಕ್ಲಮೈಡಿಯ ಟ್ರಕೊಮಾಟಿಸ್ ಎಂಬ ಬ್ಯಾಕ್ಟೀರಿಯಾ ಮಕ್ಕಳ ಕಣ್ಣಿಂದ ಮಕ್ಕಳ ಕಣ್ಣಿಗೆ ದಾಟುತ್ತದೆ. ಬೆರಳು, ನೊಣ, ಒಂದೇ ಹಾಸಿಗೆ, ಎಲ್ಲ ಮಕ್ಕಳ ಮುಖ ಒರೆಸುವ ಒಂದೇ ಓಢಣಿ, ಒಂದೇ ಕಡ್ಡಿಯಿಂದ ಸಾಲಾಗಿ ಹಚ್ಚುವ ಸುರ್ಮಾ. ಒಂದು ಸಲ ಬಂದರೆ ಕುರುಡು ಬರುವುದಿಲ್ಲ. ಮತ್ತೆ ಮತ್ತೆ ಬರಬೇಕು. ಪ್ರತಿ ಸಲವೂ ರೆಪ್ಪೆಯ ಒಳಮೈ ಉರಿದು, ಮಾಯ್ದು, ಕಲೆಯಾಗಿ, ಆ ಕಲೆ ವರ್ಷಗಳು ಉರುಳಿದಂತೆ ಬಿಗಿದುಕೊಂಡು ರೆಪ್ಪೆಯ ಅಂಚನ್ನು ಒಳಕ್ಕೆ ಎಳೆಯುತ್ತದೆ. ಮುಖ ತೊಳೆಯಲು ನೀರಿಲ್ಲದ ಊರುಗಳ ರೋಗ ಇದು. ಮಕ್ಕಳನ್ನು ಎತ್ತಿ ಆಡಿಸುವವರು ಹೆಣ್ಣುಮಕ್ಕಳೇ ಆದ್ದರಿಂದ ದೊಡ್ಡವರಾದ ಮೇಲೂ ಅವರಿಗೇ ಸೋಂಕು ತಿರುತಿರುಗಿ ಬರುತ್ತದೆ. ಕೂದಲು ಒಳತಿರುಗುವ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. “ನಮ್ಮಲ್ಲಿ ರೋಹೆ ಯಾರಿಗೆ ಬರಲಿಲ್ಲ ಬೇಟಾ?” ಎಂದರು ಅಮ್ಮಾಜಿ. ಉತ್ಪ್ರೇಕ್ಷೆಯಲ್ಲ. 1950ರ ದಶಕದಲ್ಲಿ ಗುಜರಾತ್, ರಾಜಸ್ಥಾನ, ಪಂಜಾಬ್, ಹರಿಯಾಣ, ಉತ್ತರ ಪ್ರದೇಶ ಮತ್ತು ನಿಕೋಬಾರಿನಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಈ ಸೋಂಕಿತ್ತು ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ.

ಇಲ್ಲೊಂದು ಅಡ್ಡ ಮಾತು. ವಲಸೆ ಬಂದವರ ಅಂಕಣದಲ್ಲಿ ಇದನ್ನು ಹೇಳದಿದ್ದರೆ ಹೇಗೆ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯುರೋಪಿನಿಂದ ಹಡಗಿನಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪಕ್ಕೆ ಬಂದಿಳಿದವರು ಅತಿ ಹೆಚ್ಚು ಹೆದರುತ್ತಿದ್ದದ್ದು ಕಣ್ಣಿನ ಪರೀಕ್ಷೆಗೆ. ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದ ಪ್ರತಿಯೊಬ್ಬರ ರೆಪ್ಪೆಯನ್ನೂ ಮಗುಚಿ ನೋಡುತ್ತಿದ್ದರು. ಟ್ರಕೋಮಾ ಕಂಡರೆ ಬಂದ ದಾರಿಯಲ್ಲೇ ವಾಪಸ್. ಈ ರೋಗಾಣುವನ್ನು ಮೊದಲು ಬೇರ್ಪಡಿಸಿ ಕೋಳಿಮೊಟ್ಟೆಯಲ್ಲಿ ಬೆಳೆಸಿದ್ದು 1950ರ ದಶಕದಲ್ಲಿ, ಚೀನಾದ ವಿಜ್ಞಾನಿ ಟಾಂಗ್ ಫೀಫಾನ್. ತಾನು ಬೆಳೆಸಿದ್ದು ಅದೇ ರೋಗಾಣು ಎಂದು ಸಾಬೀತು ಮಾಡಲು ತನ್ನ ಕಣ್ಣಿಗೇ ಅದನ್ನು ಹಾಕಿಕೊಂಡ ಮನುಷ್ಯ.

ನಮ್ಮಲ್ಲಿ ರಾಷ್ಟ್ರೀಯ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1963ರಲ್ಲಿ. 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿಹೋಯಿತು. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯಲ್ಲಿರುವ ಏಮ್ಸ್‌ನ ಡಾ. ರಾಜೇಂದ್ರ ಪ್ರಸಾದ್ ನೇತ್ರ ವಿಜ್ಞಾನ ಕೇಂದ್ರಕ್ಕೆ ಈ ಕಥೆಯಲ್ಲಿ ದೊಡ್ಡ ಪಾಲಿದೆ. 2010ರಲ್ಲಿ ಕಾರ್ ನಿಕೋಬಾರಿನ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಸಕ್ರಿಯ ಟ್ರಕೋಮಾ ಇರುವುದನ್ನು ಕಂಡವರು ಅವರೇ. ಮೂರು ವರ್ಷ ದ್ವೀಪದವರಿಗೆಲ್ಲ ಅಜಿತ್ರೊಮೈಸಿನ್ ಕೊಟ್ಟ ಮೇಲೆ ಅದು ಇಳಿಯಿತು. 2014ರಿಂದ 2017ರವರೆಗೆ 27 ಜಿಲ್ಲೆಗಳಲ್ಲಿ 19,662 ಮಕ್ಕಳ ರೆಪ್ಪೆ ಮಗುಚಿ ನೋಡಿದ ಸಮೀಕ್ಷೆಯೂ ಈ ಕೇಂದ್ರದ್ದೇ. ಸಕ್ರಿಯ ರೋಗ ಸಿಕ್ಕಿದ್ದು ಶೇ 0.7ರಷ್ಟು ಮಕ್ಕಳಲ್ಲಿ ಮಾತ್ರ. 2024ರ ಅಕ್ಟೋಬರ್ 8ರಂದು, ಇದೇ ದೆಹಲಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು. ಆಗ್ನೇಯ ಏಷ್ಯಾ ವಲಯದಲ್ಲಿ ನೇಪಾಳ, ಮ್ಯಾನ್ಮಾರ್ ನಂತರ ನಾವು ಮೂರನೆಯವರು.

ಹೆಮ್ಮೆಪಡುವ ಸಂಗತಿಯೇ. ಆದರೆ ಪ್ರಮಾಣಪತ್ರದ ಭಾಷೆಯನ್ನು ಗಮನವಿಟ್ಟು ಓದಬೇಕು. ‘ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ’ ಟ್ರಕೋಮಾ ನಿವಾರಣೆಯಾಗಿದೆ. ಅಂದರೆ ಒಂದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಸಕ್ರಿಯ ರೋಗ ಶೇ 5ಕ್ಕಿಂತ ಕಡಿಮೆ, ಮತ್ತು 15 ದಾಟಿದವರಲ್ಲಿ ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಸಿಗದೆ ಕೂದಲು ಚುಚ್ಚಿಸಿಕೊಳ್ಳುತ್ತಿರುವವರು ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಜೊತೆಗೆ ಹೊಸದಾಗಿ ಕಂಡವರನ್ನು ಹುಡುಕಿ ಚಿಕಿತ್ಸೆ ಕೊಡುವ ವ್ಯವಸ್ಥೆ ಇರಬೇಕೆಂಬುದೂ ಷರತ್ತು. ಸೋಂಕು ಹೋಗಿದೆ, ಕಲೆ ಹೋಗಿಲ್ಲ. 1960ರಲ್ಲಿ ಐದು ವರ್ಷದ ಹುಡುಗಿಯಾಗಿದ್ದವಳಿಗೆ ಈಗ ಎಪ್ಪತ್ತು. ಆ ಕಲೆ ಈಗಲೂ ಬಿಗಿಯುತ್ತಿದೆ. ನನಗೆ ಇರುವ ಆತಂಕ ಇಷ್ಟೇ: ಪತ್ರಿಕೆಯಲ್ಲಿ ‘ಟ್ರಕೋಮಾ ಮುಕ್ತ’ ಎಂದು ಓದಿಕೊಂಡು ಬೆಳೆದ ಯುವ ವೈದ್ಯರು ರೆಪ್ಪೆ ಮಗುಚುವುದನ್ನೇ ಬಿಟ್ಟುಬಿಟ್ಟರೆ? ನಿಮಿಷಕ್ಕೆ ಒಬ್ಬರಂತೆ ನೋಡಬೇಕಾದ ಒಪಿಡಿಯಲ್ಲಿ ‘ಪೊರೆ ಇದೆ, ಬರೆದುಕೊಳ್ಳಿ’ ಎಂದು ಮುಗಿಸುವುದು ಸುಲಭ.

ಮುಗಿಸಿದರೆ ಏನಾಗುತ್ತದೆ? ಗುಡ್ಡೆಯನ್ನು ಗೀರುತ್ತಿರುವ ಕೂದಲು, ಅದರ ಬುಡದ ಕೊಳೆ, ಕೆಲವರಲ್ಲಿ ಕಣ್ಣೀರಿನ ಚೀಲದಲ್ಲಿ ಕಟ್ಟಿದ ಕೀವು, ಇವನ್ನೆಲ್ಲ ಹಾಗೇ ಇಟ್ಟುಕೊಂಡು ಪೊರೆಗೆ ಕಣ್ಣು ತೆರೆದರೆ ಸೋಂಕು ಒಳಗೆ ಇಳಿಯುವ ಅಪಾಯ. ಗೀರುಬಿದ್ದ ಕಾರ್ನಿಯಾದಿಂದ ತೆಗೆದ ಅಳತೆಯೂ ಸರಿ ಬರುವುದಿಲ್ಲ, ಒಳಗಿಡುವ ಲೆನ್ಸಿನ ನಂಬರು ತಪ್ಪುತ್ತದೆ. ಹಾಗಾಗಿ ಮೊದಲು ರೆಪ್ಪೆ, ಅದು ಮಾಗಿದ ಮೇಲೆ ಪೊರೆ. ಅಮ್ಮಾಜಿಯ ಮಗನಿಗೆ ಇದು ಹಿಡಿಸಲಿಲ್ಲ. ಎರಡು ಆಪರೇಷನ್ ಅಂದರೆ ಎರಡು ಸಲ ಕೂಲಿ ಬಿಡಬೇಕು. ಚೈತ್ರದಲ್ಲಿ ಗೋಧಿ ಕೊಯ್ಲಿಗೆ ತಾಯಿ ಊರಿಗೆ ಹೋಗಲೇಬೇಕು. ಅವನ ಲೆಕ್ಕವೂ ಸುಳ್ಳಲ್ಲ. ಅದಕ್ಕೇ ತಾನಾಗಿ ಕರಗುವ ದಾರದಲ್ಲಿ ಹೊಲಿಗೆ ಹಾಕುವುದೆಂದು ಒಪ್ಪಂದವಾಯಿತು.

ಆಪರೇಷನ್ ದೊಡ್ಡದೇನಲ್ಲ, ಆದರೆ ಕೈಗೆಲಸದ್ದು. ರೆಪ್ಪೆಗೆ ಮರವಾಗುವ ಇಂಜೆಕ್ಷನ್. ರೆಪ್ಪೆಯನ್ನು ಒಂದು ಲೋಹದ ತಟ್ಟೆಯ ಮೇಲೆ ಮಗುಚಿ, ಒಳಮೈಯಲ್ಲಿ ಅಂಚಿನಿಂದ ಸುಮಾರು ಮೂರು ಮಿಲಿಮೀಟರ್ ಬಿಟ್ಟು ಅದಕ್ಕೆ ಸಮನಾಗಿ ಕೊಯ್ದು, ಕೂದಲಿರುವ ಪಟ್ಟಿಯನ್ನು ಹೊರಕ್ಕೆ ತಿರುಗಿಸಿ ಹೊಲಿಯುವುದು. ಒಳಕ್ಕೆ ಮಡಿಚಿದ ಸೆರಗಿನ ಅಂಚನ್ನು ಬಿಚ್ಚಿ ಹೊರಕ್ಕೆ ಮಡಿಸಿ ಹೊಲಿದ ಹಾಗೆ ಅಂದುಕೊಳ್ಳಿ. ಚರ್ಮದ ಕಡೆಯಿಂದ ಪೂರ್ತಿ ರೆಪ್ಪೆಯನ್ನು ಕೊಯ್ಯುವ ಇನ್ನೊಂದು ವಿಧಾನವೂ ಇದೆ. ಇಥಿಯೋಪಿಯಾದಲ್ಲಿ ಎರಡನ್ನೂ ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಕೂದಲು ಮತ್ತೆ ಒಳತಿರುಗಿದ್ದು ಒಳಗಿನಿಂದ ಕೊಯ್ದವರಲ್ಲಿ ಶೇ 13, ಚರ್ಮದಿಂದ ಕೊಯ್ದವರಲ್ಲಿ ಶೇ 22. ನಾನು ಒಳಗಿನ ದಾರಿಯವಳು. ಆದರೆ ಸಂಖ್ಯೆ ನೋಡಿ, ಒಳ್ಳೆಯ ವಿಧಾನದಲ್ಲೂ ಎಂಟರಲ್ಲಿ ಒಬ್ಬರಿಗೆ ತೊಂದರೆ ಮರಳುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ಆದವರಿಗೆ ಒಂದು ಡೋಸ್ ಅಜಿತ್ರೊಮೈಸಿನ್ ಮಾತ್ರೆ ಕೊಟ್ಟರೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಇಥಿಯೋಪಿಯಾದ್ದೇ ಇನ್ನೊಂದು ಅಧ್ಯಯನ ತೋರಿಸಿದೆ. ಅಂಚು ಮಡಿಚದೆ ಒಂದೆರಡು ಕೂದಲು ಮಾತ್ರ ದಾರಿ ತಪ್ಪಿದ್ದರೆ ಕೊಯ್ಯುವುದು ಬೇಡ. ಸರಿಯಾಗಿ ಕಿತ್ತು ಆಗಾಗ ನೋಡುತ್ತಿದ್ದರೂ ಆದೀತು, ವಿದ್ಯುತ್ತಿನಿಂದ ಬೇರನ್ನು ಸುಡಲೂಬಹುದು.

ಮನೆಯಲ್ಲಿ ಕೀಳುವುದರ ತೊಂದರೆ ಬೇರೆ. ಕೂದಲು ಬುಡದಿಂದ ಬರದೆ ನಡುವೆ ತುಂಡಾದರೆ ಉಳಿದ ಮೊಂಡು ತುದಿ ಉದ್ದ ಕೂದಲಿಗಿಂತ ಬಿರುಸು. ಕತ್ತರಿಯಿಂದ ಕತ್ತರಿಸಿಕೊಂಡು ಬರುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು.

ಅಮ್ಮಾಜಿಯ ಎಡರೆಪ್ಪೆಗೆ ಆಪರೇಷನ್ ಮಾಡಿದ ಮರುದಿನ ಪಟ್ಟಿ ಬಿಚ್ಚಿದೆ. ಆಕೆ ಎರಡು ಮೂರು ಸಲ ರೆಪ್ಪೆ ಬಡಿದು, ನಿಲ್ಲಿಸಿ, ಮತ್ತೆ ಬಡಿದರು. “ಚುಭ್ ನಹೀ ರಹಾ” ಎಂದರು, ಚುಚ್ಚುತ್ತಿಲ್ಲ ಅಂತ. ದೃಷ್ಟಿ ಒಂದಿಷ್ಟೂ ಹೆಚ್ಚಾಗಿರಲಿಲ್ಲ. ಆಗುವುದೂ ಇಲ್ಲ, ಬಿದ್ದ ಹೂವನ್ನು ರೆಪ್ಪೆಯ ಆಪರೇಷನ್ ಅಳಿಸಲಾರದು. ಕಣ್ಣು ಬದಲಾಯಿಸಬಹುದಲ್ಲ ಎಂದು ಮಗ ಕೇಳಿದ. ಕಾರ್ನಿಯಾ ಕಸಿ ಈ ಕಣ್ಣುಗಳಲ್ಲಿ ಕಷ್ಟ. ಕಲೆಯಿಂದಾಗಿ ಕಣ್ಣಿನ ತೇವ ಕಾಯುವ ಜೀವಕೋಶಗಳು, ಗ್ರಂಥಿಗಳು ಸತ್ತಿರುತ್ತವೆ. ಒಣಗಿದ ನೆಲದಲ್ಲಿ ಸಸಿ ನಾಟಿದ ಹಾಗೆ. ಅದಕ್ಕೇ ಹೂ ನಡುಪಾಪೆಗೆ ಹಬ್ಬುವ ಮುಂಚೆ ರೆಪ್ಪೆ ತಿರುಗಿಸುವುದು ಮುಖ್ಯ. ಕೃತಕ ಕಣ್ಣೀರಿನ ಹನಿ ದಿನಕ್ಕೆ ಐದಾರು ಸಲ, ಬಹುಶಃ ಜೀವನಪೂರ್ತಿ. ಬಲಗಣ್ಣಿಗೆ, ಆಮೇಲೆ ಪೊರೆಗೆ, ಕೊಯ್ಲಿನ ನಂತರದ ದಿನ ಬರೆದುಕೊಟ್ಟಿದ್ದೇನೆ.

‘ಇದೆಲ್ಲ ರಾಜಸ್ಥಾನದವರ ಕಥೆ, ನಮಗೇನು?’ ಎಂದು ಓದುಗರು ಕೇಳಬಹುದು. ಊರಿನಿಂದ ನಿಮ್ಮ ತಂದೆ ತಾಯಿ ಬಂದು ಕಣ್ಣು ಚುಚ್ಚುತ್ತದೆ ಅಂದರೆ ಅದು ಟ್ರಕೋಮಾ ಆಗಿರುವ ಸಾಧ್ಯತೆ ನಿಜಕ್ಕೂ ಕಡಿಮೆ. ವಯಸ್ಸಾದವರಲ್ಲಿ ಸ್ನಾಯು ಸಡಿಲಗೊಂಡು ಒಳತಿರುಗುವುದು ಸಾಮಾನ್ಯವಾಗಿ ಕೆಳರೆಪ್ಪೆ. ಟ್ರಕೋಮಾದ್ದು ಮೇಲ್ರೆಪ್ಪೆ. ಚಿಕಿತ್ಸೆಯೂ ಬೇರೆ. ಔಷಧಿ ಅಲರ್ಜಿಯಿಂದ ಮೈಯೆಲ್ಲ ಬೊಬ್ಬೆಯೆದ್ದವರಿಗೆ, ಕಣ್ಣಿಗೆ ಸುಣ್ಣ ಬಿದ್ದವರಿಗೆ ಕೂಡ ರೆಪ್ಪೆಯೊಳಗೆ ಇಂಥದೇ ಕಲೆಯಾಗುತ್ತದೆ. ಆದ್ದರಿಂದ ಹಿಂದಿನದ್ದನ್ನೆಲ್ಲ ಡಾಕ್ಟರಿಗೆ ಹೇಳಬೇಕು. ಇನ್ನು ದೆಹಲಿಯ ಧೂಳಿಗೆ ನಿಮ್ಮ ಮಗು ಕಣ್ಣುಜ್ಜಿಕೊಂಡು ಕೆಂಪಗೆ ಮಾಡಿಕೊಂಡರೆ ಅದು ಬಹುಮಟ್ಟಿಗೆ ಅಲರ್ಜಿ. ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಹನಿ ತಂದು ಹಾಕಬೇಡಿ, ಅಷ್ಟೆ.

ಆದರೆ ನಾವು ಎಲ್ಲಿಯವರು ಎನ್ನುವುದಕ್ಕಿಂತ ಬಾಲ್ಯ ಎಲ್ಲಿ ಕಳೆಯಿತು ಎನ್ನುವುದನ್ನು ರೆಪ್ಪೆ ನೆನಪಿಡುತ್ತದೆ. ರಾವ್ ತುಲಾರಾಮ್ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘದಲ್ಲಿ ಹೋದ ವರ್ಷ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಪಕ್ಕ ನಿಂತವರು ಒಬ್ಬ ರಾಯರು. ಧಾರವಾಡದ ಮನೆತನ, ನಿವೃತ್ತ ಅಧಿಕಾರಿ, ಎಂಬತ್ತರ ಹತ್ತಿರ. ನಾನು ಕಣ್ಣಿನ ಡಾಕ್ಟರ್ ಎಂದು ಯಾರೋ ಹೇಳಿದ್ದೇ ತಡ, ತಟ್ಟೆ ಬದಿಗಿಟ್ಟರು.

“ನೋಡವಾ ತಂಗಿ, ಈ ಕಣ್ಣು ಹಗಲೆಲ್ಲಾ ಚುಚ್ಚತಾವ. ಒಣಗ್ಯಾವ ಅಂತಾರ ಎಲ್ಲಾರೂ. ಹನಿ ಹಾಕಿ ಹಾಕಿ ಸಾಕಾತು.”

“ರಾಯರ, ಸಣ್ಣವರಿದ್ದಾಗ ಎಲ್ಲಿದ್ರಿ?”

“ಹಿಸಾರದಾಗ. ನಮ್ಮ ಅಪ್ಪಗ ಅಲ್ಲಿ ಸರ್ಕಾರಿ ದನದ ಫಾರ್ಮಿನ್ಯಾಗ ನೌಕರಿ. ಮ್ಯಾಟ್ರಿಕ್‌ತನ ಅಲ್ಲೇ.”

ದನದ ಫಾರ್ಮು, ಆ ಕಾಲದ ಹರಿಯಾಣದ ನೀರು, ನೊಣ. ಸಭಾಂಗಣದ ಹೊರಗೆ ಬೆಳಕಿಗೆ ಕೂರಿಸಿ, ಕೈ ತೊಳೆದುಕೊಂಡು ಬಂದು, “ಮ್ಯಾಲೆ ನೋಡಬ್ಯಾಡ್ರಿ, ನೆಲ ನೋಡ್ರಿ” ಎಂದು ರೆಪ್ಪೆ ಮಗುಚಿದೆ. ಬಿಳಿ ಗೆರೆ ಎರಡೂ ಕಣ್ಣಲ್ಲಿ ಇತ್ತು. ಬಲಗಡೆ ಮೂರು ಕೂದಲು ಗುಡ್ಡೆಗೆ ತಾಗುತ್ತಿದ್ದವು. ಗುಡ್ಡೆ ಇನ್ನೂ ತಿಳಿಯಾಗಿತ್ತು. ಸಮಯಕ್ಕೆ ಸರಿಯಾಗಿ ಸಿಕ್ಕಿದ್ದರು. ಕಣ್ಣು ಒಣಗಿದ್ದೂ ಸುಳ್ಳಲ್ಲ, ಆದರೆ ಬರೀ ಹನಿಯಿಂದ ಹೋಗುವ ಚುಚ್ಚು ಅದಲ್ಲ. ಪಂಜಾಬಿ ನೆರೆಯವರು ‘ಕುಕ್ರೆ’ ಅನ್ನುತ್ತಿದ್ದದ್ದು, ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಕಣ್ಣಿಗೆ ಹಳದಿ ಮುಲಾಮು ಹಚ್ಚುತ್ತಿದ್ದದ್ದು ಎಲ್ಲ ರಾಯರಿಗೆ ನೆನಪಾಯಿತು. ಮರುವಾರ ಬಂದು ಬೇರು ಸುಡಿಸಿಕೊಂಡು ಹೋದರು. ಒಂದು ಕೂದಲು ಮತ್ತೆ ಬಂದಿದೆ, ಇನ್ನೊಮ್ಮೆ ಸುಡಬೇಕು.

ಅಂದು ಸಂಘದಲ್ಲಿ ಅವರು ಕೂತಲ್ಲೇ ಪುಣೆಯಲ್ಲಿರುವ ತಮ್ಮನಿಗೆ ಫೋನ್ ಹಚ್ಚಿದ್ದರು. “ಯಾಕೋ, ನಿನಗೂ ಕಣ್ಣು ಚುಚ್ಚತಾವೇನು?” ಆ ಕಡೆಯಿಂದ ಉದ್ದನೆಯ ಉತ್ತರ. ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಇಪ್ಪತ್ತು ವರ್ಷದಿಂದ ಅವನ ಹೆಂಡತಿ ಚಿಮಟದಿಂದ ಕೀಳತಾಳಂತ ತಂಗಿ. ನನಗ ಒಮ್ಮೆನೂ ಹೇಳಿಲ್ಲ ನೋಡು ಮಗಾ.” ತಮ್ಮ ಬರುವ ತಿಂಗಳು ದೆಹಲಿಗೆ ಬರುತ್ತಿದ್ದಾರೆ. ಬರುವ ಮುಂಚೆ ಮೂರು ವಾರ ಕೀಳಿಸಿಕೊಳ್ಳಬೇಡಿ ಎಂದು ಹೇಳಿಕಳಿಸಿದ್ದೇನೆ.